ಹಳೇ ಪಿಎಸ್‌ಪಿಯಲ್ಲಿ ಹಳೇ ಆಟಗಳು: ನನ್ನ ಅನುಭವ

ಹಳೇ ಪಿಎಸ್‌ಪಿಗೆ (ಸೋನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಸೆಟ್) ದುಡ್ಡು ಸುರಿಯಬೇಡ, ಅದೇ ರೇಟಿಗೆ ಹೊಸ ಚೈನಾ ಹ್ಯಾಂಡ್‌ಹೆಲ್ಡ್ ಸಿಗುತ್ತದೆ ಅಂತ ಗೆಳೆಯರೆಲ್ಲ ಹೇಳಿದ್ದರು. ಈಗ ಅವರೇ ನನ್ನ 3000 ಮಾಡೆಲ್ ಇಸ್ಕೊಂಡು ಹೋದರೆ ಬೇಗ ವಾಪಸ್ ಕೊಡುವುದಿಲ್ಲ.

ಸೆಟ್ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಸೆಕೆಂಡ್ ಹ್ಯಾಂಡ್, ಸುಮಾರು 3,500ಕ್ಕೆ. ಅದರಲ್ಲಿ ಸೋನಿಯ 6.61 ಫರ್ಮ್‌ವೇರ್ (ಸೆಟ್ ನಡೆಸುವ ಸಾಫ್ಟ್‌ವೇರ್), ಅದರ ಮೇಲೆ ಆರ್ಕ್-4 ಅನ್ನುವ ಕಸ್ಟಮ್ ಫರ್ಮ್‌ವೇರ್, ಬೇರೆ ಸೆಟ್‌ಗಳ ಆಟ ಓಡಿಸುವ ಎಮ್ಯುಲೇಟರ್‌ಗಳನ್ನೂ ಹಾಕಲು ಆಗಲಿ ಅಂತ. ಅದನ್ನು ಹಾಕುವ ಬಗೆ ಇಲ್ಲಿ ಬರೆಯುವುದಿಲ್ಲ. ನನ್ನ ಜೀವ ತಿಂದದ್ದು ಕಾರ್ಡು ಮತ್ತು ಬ್ಯಾಟರಿ.

ಪಿಎಸ್‌ಪಿಯ ಮೆಮೊರಿ ಸ್ಟಿಕ್ ಜಾಗದಲ್ಲಿ ಮೈಕ್ರೋ ಎಸ್‌ಡಿ ಕಾರ್ಡ್ ಕೂರಿಸುವ ಅಡಾಪ್ಟರಿಗೆ ಇನ್ನೂರು ಚಿಲ್ಲರೆ. ಅದರಲ್ಲಿ ಹಾಕಿದ 64 ಜಿಬಿ ಮೈಕ್ರೋ ಎಸ್‌ಡಿ ಮೊದಮೊದಲು ಚೆನ್ನಾಗಿತ್ತು. ಆಮೇಲೆ ಸೇವ್ ಫೈಲ್‌ಗಳು ಒಂದೊಂದಾಗಿ ಕೆಟ್ಟವು. ಕಾರ್ಡಿನ ನಿಜವಾದ ಅಳತೆ ತೋರಿಸುವ ಎಚ್2ಟೆಸ್ಟ್‌ಡಬ್ಲ್ಯೂ ಪ್ರೋಗ್ರಾಂ ಓಡಿಸಿ ನೋಡಿದರೆ ಒಳಗಿದ್ದದ್ದು ಬರೀ 8 ಜಿಬಿ! ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. 600 ರೂಪಾಯಿ ಹೋಯಿತು. ಅಸಲಿ ಕಾರ್ಡ್ ತಂದರೆ ಅದನ್ನೂ ಪಿಎಸ್‌ಪಿ ಓದಲಿಲ್ಲ, ಅದು ಪಿಎಸ್‌ಪಿಗೆ ಅರ್ಥವಾಗದ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿತ್ತು. ಪಿಎಸ್‌ಪಿಯಲ್ಲೇ ಫಾರ್ಮ್ಯಾಟ್ ಮಾಡಿದೆ, ಸರಿಹೋಯಿತು. ಕಂಪ್ಯೂಟರಿನ ಗೋಜೇ ಬೇಡ.

ಇನ್ನು ಬ್ಯಾಟರಿ. ಮೊದಲು ತಂದದ್ದರ ಮೇಲೆ 3600 ಎಂಎಎಚ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಒರಿಜಿನಲ್ ಇರುವುದೇ 1200, ಅಷ್ಟೇ ಜಾಗದಲ್ಲಿ ಮೂರು ಪಟ್ಟು ಹೇಗೆ ಹಿಡಿಯುತ್ತದೆ, ಅಲ್ವಾ? ಒಂದೂವರೆ ಗಂಟೆಗೆ ಕೈಕೊಡುತ್ತಿತ್ತು, ಕೆಲವೇ ತಿಂಗಳಲ್ಲಿ ಉಬ್ಬಿತು. ಆಮೇಲೆ ತಂದದ್ದು ಸುಮಾರು 900 ರೂಪಾಯಿಯದು. ಮೂರೂವರೆ ಗಂಟೆ ಆರಾಮಾಗಿ ಬರುತ್ತದೆ.

ಮೊದಲ ಪ್ಲೇಸ್ಟೇಷನ್‌ನ ಆಟಗಳಿಗೆ ನನ್ನ ಹಳೇ ಸಿಡಿಗಳನ್ನೇ ಇಮೇಜ್ ತೆಗೆದು ಈಬೂಟ್ (ಪಿಎಸ್‌ಪಿ ಓಡಿಸುವ ಫೈಲ್) ಮಾಡಿದೆ. ಸೋನಿಯದೇ ಎಮ್ಯುಲೇಟರ್ ಒಳಗಿರುವುದರಿಂದ ಇದರಲ್ಲಿ ಪಿಎಸ್‌ಪಿಯನ್ನು ಮೀರಿಸುವುದು ಕಷ್ಟ. ಒಂದೆರಡು ಆಟ ಶುರುವಿನ ವಿಡಿಯೋದಲ್ಲೇ ನಿಂತುಬಿಡುತ್ತಿದ್ದವು. ಪಾಪ್ಸ್‌ಲೋಡರ್ ಅನ್ನುವ ಪ್ಲಗಿನ್‌ನಲ್ಲಿ ಆ ಎಮ್ಯುಲೇಟರಿನ ಹಳೇ ವರ್ಶನ್ ಆರಿಸಿದೆ, ಓಡಿದವು. ಯಾವ ಆಟಕ್ಕೆ ಯಾವ ವರ್ಶನ್ ಅನ್ನುವ ಪಟ್ಟಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಜಿಬಿಎ (ನಿಂಟೆಂಡೋದ ಗೇಮ್ ಬಾಯ್ ಅಡ್ವಾನ್ಸ್) ಆಟಗಳಲ್ಲಿ ತಲೆ ಕೆಡಿಸಿದ್ದು ಸ್ಕ್ರೀನ್. ಜಿಬಿಎ 240×160 ಪಿಕ್ಸೆಲ್, ಪಿಎಸ್‌ಪಿ 480×272. ಅಗಲ ಸರಿಯಾಗಿ ಎರಡರಷ್ಟು, ಆದರೆ ಎತ್ತರಕ್ಕೆ 320 ಬೇಕು. ಫುಲ್ ಸ್ಕ್ರೀನ್ ಮಾಡಿದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಎತ್ತರಕ್ಕೆ ಹೊಂದಿಸಿದರೆ 1.7 ಪಟ್ಟು ಆಗುತ್ತದೆ. ಅದು ಪೂರ್ತಿ ಎರಡು ಪಟ್ಟು ಅಲ್ಲದ್ದರಿಂದ ಅಕ್ಷರದ ಒಂದು ಗೆರೆ ದಪ್ಪ, ಪಕ್ಕದ್ದು ತೆಳು, ಸ್ಕ್ರೋಲ್ ಆದಾಗ ಎಲ್ಲವೂ ಅದುರಿದ ಹಾಗೆ. ಜಿಪಿಎಸ್‌ಪಿ ಅನ್ನುವ ಜಿಬಿಎ ಎಮ್ಯುಲೇಟರಿನಲ್ಲಿ, ಅಂಚು ನಯ ಮಾಡುವ ಬೈಲೀನಿಯರ್ ಫಿಲ್ಟರ್ ಹಾಕಿದ ಮೇಲೆ ಕಣ್ಣಿಗೆ ಹಿತವಾಯಿತು.

ಸೂಪರ್ ನಿಂಟೆಂಡೋಗೆ ಸ್ನೆಸ್9ಎಕ್ಸ್‌ಟಿವೈಎಲ್ ಎಮ್ಯುಲೇಟರ್, ಪ್ರೊಸೆಸರ್ ಸ್ಪೀಡ್ 333 ಮೆಗಾಹರ್ಟ್ಸ್. ಕ್ಯಾಟ್ರಿಡ್ಜ್ ಒಳಗೇ ಸೂಪರ್ ಎಫ್‌ಎಕ್ಸ್ ಅನ್ನುವ ಹೆಚ್ಚುವರಿ ಚಿಪ್ ಇದ್ದ ಆಟಗಳು ತೆವಳುತ್ತವೆ, ಉಳಿದವು ಬಹುಪಾಲು ಓಕೆ. ಎನ್64 (ನಿಂಟೆಂಡೋ 64) ಆಸೆ ಬಿಡಿ. ಅದರ ಎಮ್ಯುಲೇಟರ್ ಡೇಡಾಲಸ್‌ನಲ್ಲಿ ವಾರಗಟ್ಟಲೆ ಒದ್ದಾಡಿದೆ, ಆಡುವಷ್ಟು ಸ್ಪೀಡ್ ಬಂದದ್ದು ಕೆಲವೇ ಆಟಗಳಲ್ಲಿ.

ಕೆಟ್ಟ ಕಾರ್ಡು, ಉಬ್ಬಿದ ಬ್ಯಾಟರಿ ಸೇರಿಸಿ ಒಟ್ಟು 6,500ರ ಹತ್ತಿರ ಆಗಿರಬೇಕು. ಆಮೇಲೆ ಸುಮ್ನೆ ಕುತೂಹಲಕ್ಕೆ ಎವಿ ಕೇಬಲ್ ತಂದು ಮನೆಯ ಹಳೇ ಡಬ್ಬಾ ಟಿವಿಗೆ ಚುಚ್ಚಿದೆ. ಈ ಕೇಬಲ್‌ನಲ್ಲಿ 3000 ಮಾಡೆಲ್‌ನ ಆಟಗಳೂ ಟಿವಿಯಲ್ಲಿ ಬರುತ್ತವೆ, ಹಿಂದಿನ 2000 ಮಾಡೆಲ್‌ನವು ಬರುವುದಿಲ್ಲ. ಚಿತ್ರ ಟಿವಿಯ ನಡುವೆ ಚಿಕ್ಕದಾಗಿ ಕೂರುತ್ತದೆ. ಟಿವಿಯ ಝೂಮ್ ಒತ್ತಿ ನೋಡುತ್ತಿದ್ದೇನೆ, ಇನ್ನೂ ಸರಿಯಾಗಿ ಕೂತಿಲ್ಲ.