ಕರ್ಣನಿಗೆ ನಾಲ್ಕರಲ್ಲಿ ಎಷ್ಟು?

ಕನ್ನಡ ಪಾಠದಲ್ಲಿ ಬರುವ ಪಾತ್ರಗಳ ಪ್ರಬುದ್ಧತೆಗೆ ಮಕ್ಕಳಿಂದ ಚೀಟಿಯಲ್ಲಿ ಅಂಕ ಹಾಕಿಸಿ ಚರ್ಚೆ ಮಾಡಿಸುತ್ತೇನೆ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲಿಲ್ಲ. "ಕರ್ಣನಿಗೂ ಮಾರ್ಕ್ಸಾ ಸರ್? ಹತ್ತನೇ ಕ್ಲಾಸು, ಪೋರ್ಷನ್ ಯಾವಾಗ ಮುಗಿಸ್ತೀರಿ?" ಅಂದರು. ಈಗ ಅವರೇ ನನ್ನ ಚೀಟಿಗಳನ್ನು ಕೇಳಿ ಒಯ್ಯುತ್ತಾರೆ.

ಮೊದಲು 10ರ ಅಳತೆ ಇಟ್ಟೆ. ಎಲ್ಲರೂ 7, 8 ಹಾಕಿದರು. 5ಕ್ಕೆ ಇಳಿಸಿದೆ, ಎಲ್ಲರೂ 3. ಮಧ್ಯದ ಅಂಕ ಹಾಕಿದರೆ ಯಾರೂ ಏನೂ ಕೇಳಲ್ಲ ಅಲ್ವಾ? ಕೊನೆಗೆ 1ರಿಂದ 4ರ ಅಳತೆ ಹಿಡಿದೆ. ಅದರಲ್ಲಿ ಮಧ್ಯ ಅನ್ನೋದೇ ಇಲ್ಲ. ಜಗಳ ಅಲ್ಲಿಂದ ಶುರುವಾಯಿತು.

ಒಟ್ಟಾರೆ ಒಂದೇ ಅಂಕ ಕೇಳಬೇಡಿ. ಆಸೆ, ಸಿಟ್ಟು ಬಂದಾಗ ತಡೆದುಕೊಳ್ಳುತ್ತಾನಾ? ಮುಂದೇನಾಗುತ್ತೆ ಅಂತ ಯೋಚಿಸುತ್ತಾನಾ? ಇನ್ನೊಬ್ಬರ ನೋವು ಕಾಣುತ್ತಾ? ಮೂರಕ್ಕೂ ಬೇರೆ ಬೇರೆ ಅಂಕ. ಪಕ್ಕದಲ್ಲಿ ಪದ್ಯದ ಸಾಲು ಬರೆಯಬೇಕು. ಸಾಲಿಲ್ಲದ ಅಂಕ ಲೆಕ್ಕಕ್ಕಿಲ್ಲ.

ಕುಮಾರವ್ಯಾಸನ ಕರ್ಣನಲ್ಲಿ ಇದು ಚೆನ್ನಾಗಿ ಕೂತಿತು. ಕೃಷ್ಣ ಅವನಿಗೆ ಅವನ ಜನ್ಮದ ಗುಟ್ಟು ಹೇಳುತ್ತಾನೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ನಡುವೆ ನೀನು ಅಂತ ಆಸೆ ತೋರಿಸುತ್ತಾನೆ. ಕರ್ಣನ ಗಂಟಲು ಕಟ್ಟುತ್ತೆ, ಕಣ್ಣು ತುಂಬುತ್ತೆ, ಅಯ್ಯೋ ಕುರುಪತಿಗೆ ಕೇಡಾಯಿತಲ್ಲ ಅಂದುಕೊಳ್ಳುತ್ತಾನೆ. ಹಿಂದಿನ ಬೆಂಚಿನ ಹುಡುಗ 4 ಕೊಟ್ಟ: "ರಾಜ್ಯ ಸಿಕ್ತಿದ್ರೂ ಗೆಳೆಯನ ಚಿಂತೆ ಮಾಡ್ತಾನಲ್ಲ ಸರ್." ಒಬ್ಬ ಹುಡುಗಿ 2ರ ಮೇಲೆ ಹೋಗಲೇ ಇಲ್ಲ: "ಋಣ ಬೇರೆ, ನ್ಯಾಯ ಬೇರೆ. ಅದು ಗೊತ್ತಿದ್ದೂ ಕೌರವನ ಕಡೆ ನಿಂತ." ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಲಕ್ಷ್ಮೀಶನ ಲವನಿಗೆ ಬಂದ ಅಂಕ ಬೇರೆ ಥರ. ಮುನಿಪುತ್ರರು ಹೆದರಿ ಬೇಡ ಅಂದರೂ ಯಜ್ಞದ ಕುದುರೆಯನ್ನು ಬಾಳೆಗಿಡಕ್ಕೆ ಕಟ್ಟಿದವನು ಅವನು. ಮುಂದಾಲೋಚನೆಗೆ ಮಕ್ಕಳು 1 ಕೊಟ್ಟರು, ಆದರೆ ಅವನನ್ನು ಬಿಟ್ಟುಕೊಡಲು ಒಬ್ಬರೂ ತಯಾರಿಲ್ಲ.

ಸುಮ್ನೆ ಇನ್ನೊಂದು ಮಾಡಿ ನೋಡಿದೆ. ರನ್ನನ ದುರ್ಯೋಧನನಿಗೆ ಭೀಷ್ಮರಾಗಿ ಅಂಕ ಹಾಕಿ ಅಂದೆ. ಸಂಧಿ ಮಾಡಿಕೋ ಅಂತ ಹೇಳಿದ ಅಜ್ಜನ ಜಾಗದಲ್ಲಿ ಕೂತ ಕೂಡಲೇ ಅಂಕ ಕುಸಿಯಿತು. ಕರ್ಣನಾಗಿ ಹಾಕಿ ಅಂದರೆ ಮತ್ತೆ ಏರಿತು.

ಖರ್ಚಿನ ವಿಷಯ. ಮೊದಮೊದಲು ಚೀಟಿ ಜೆರಾಕ್ಸ್ ಮಾಡಿಸಿ ಸಲಕ್ಕೆ ಅರವತ್ತು ಎಪ್ಪತ್ತು ರೂಪಾಯಿ ಕೈಯಿಂದ ಹೋಯಿತು. ಈಗ ಹಳೆ ಉತ್ತರ ಪತ್ರಿಕೆಯ ಖಾಲಿ ಬದಿ ಕತ್ತರಿಸುತ್ತೇನೆ. ಒಂದು ಡ್ರಾಯಿಂಗ್ ಚಾರ್ಟು, ಎರಡು ಬಣ್ಣದ ಬಿಂದಿ ಪ್ಯಾಕೆಟ್ಟು, ಮೂವತ್ತು ರೂಪಾಯಿಯೊಳಗೆ ಮುಗಿಯುತ್ತೆ. ಮೊದಲು ಚೀಟಿಯಲ್ಲಿ ಅಂಕ ಬರೆಯಬೇಕು, ಆಮೇಲೆ ಚಾರ್ಟಿನ ಮೇಲೆ ಆ ಅಂಕಕ್ಕೆ ಬಿಂದಿ ಅಂಟಿಸಬೇಕು. ಇಲ್ಲದಿದ್ದರೆ ಮೊದಲು ಅಂಟಿಸಿದವರನ್ನೇ ಎಲ್ಲರೂ ನಕಲು ಮಾಡುತ್ತಾರೆ.

ಚರ್ಚೆ ಮುಗಿದು ಎರಡನೇ ಸಲ ಅಂಕ ಹಾಕಿಸುವ ಮುಂಚೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಹೆಚ್ಚುಕಮ್ಮಿ ಅರ್ಧ ಕ್ಲಾಸು ಅಂಕ ಬದಲಿಸುತ್ತೆ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ಪೋರ್ಷನ್ ಮುಗಿಯಿತು. ಗೈಡಿನ ಸಾಲುಗಳ ಬದಲು ಪದ್ಯದ ಸಾಲುಗಳು ಉತ್ತರಗಳಲ್ಲಿ ಬಂದವು. ಮುಂದಿನದು ಶಬರಿ. ಕಾಯುವುದೇ ಬದುಕಾದವಳಿಗೆ ನನ್ನ ಮೂರು ಪ್ರಶ್ನೆ ಸಾಲುವುದಿಲ್ಲ. ನಾಲ್ಕನೆಯದನ್ನು ಹುಡುಕುತ್ತಿದ್ದೇನೆ.