ಟಿವಿ ಶೋಕೇಸಿಗೂ ಬೇಕು ಒಂದು ಗವಾಕ್ಷಿ

ರಾಯಚೂರಿನ ನಮ್ಮ ಮನೆಯಲ್ಲಿ ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಎರಡು ಗಂಟೆಗೆ ಟಿವಿ ನಿಂತುಬಿಡುತ್ತಿತ್ತು. ಚಿತ್ರ ಇದ್ದಲ್ಲೇ ಅಂಟಿಕೊಳ್ಳುತ್ತಿತ್ತು. ರಿಮೋಟ್ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಅದೇ ಹೊತ್ತಿಗೆ ಇಂಟರ್‌ನೆಟ್ಟೂ ಹೋಗುತ್ತಿತ್ತು. ಅಪ್ಪ ಸೆಟ್‌ಟಾಪ್ ಬಾಕ್ಸಿನ ಸ್ವಿಚ್ ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕುತ್ತಿದ್ದರು. ಒಂದು ತಾಸು ಸರಿ ಇರುತ್ತಿತ್ತು, ಆಮೇಲೆ ಮತ್ತೆ ಅದೇ ಗೋಳು. ಎರಡು ಬೇಸಿಗೆಯಲ್ಲಿ ಎರಡು ಅಡಾಪ್ಟರ್, ಒಂದು ರೌಟರ್ ಹೋದವು.

ಕೊನೆಗೆ ಒಂದು ದಿನ ಶೋಕೇಸಿನ ಗಾಜಿನ ಬಾಗಿಲು ತೆಗೆದು ಒಳಗೆ ಕೈ ಹಾಕಿದೆ. ಒಲೆಯ ಮುಂದೆ ಕೂತಂತೆ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಕೆಳಗೆ ಸೆಟ್‌ಟಾಪ್ ಬಾಕ್ಸ್, ಅದರ ತಲೆಯ ಮೇಲೆ ರೌಟರ್, ಅದರ ಮೇಲೆ ಧೂಳು ಕೂರಬಾರದು ಅಂತ ಅಮ್ಮ ಹೆಣೆದು ಹೊದಿಸಿದ ಕ್ರೋಶಾ ಬಟ್ಟೆ. ಥರ್ಮಾಮೀಟರ್ ಇಟ್ಟು ನೋಡಿದೆ. ಕೋಣೆಯಲ್ಲಿ 38 ಡಿಗ್ರಿ, ಶೋಕೇಸಿನ ಒಳಗೆ 52.

ಮನೆಯಲ್ಲಿ ಬಳಸುವ ಬಹಳಷ್ಟು ರೌಟರ್‌ಗಳನ್ನು 40 ಡಿಗ್ರಿವರೆಗಿನ ಗಾಳಿಯಲ್ಲಿ ಕೆಲಸ ಮಾಡಲೆಂದು ತಯಾರಿಸಿರುತ್ತಾರೆ. ಜೊತೆಗೆ ಬರುವ ಕಾಗದದಲ್ಲೇ ಅದು ಅಚ್ಚಾಗಿರುತ್ತದೆ. ಅಡಾಪ್ಟರ್ ಒಳಗೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಕೆಪಾಸಿಟರ್‌ಗಳ ಕಥೆ ಇನ್ನೂ ಕಷ್ಟ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ಲೆಕ್ಕ.

ಮೊದಲು ದುಡ್ಡಿಲ್ಲದ ಕೆಲಸ

ಫ್ಯಾನ್ ತರುವ ಮುಂಚೆ ಒಂದು ಪರೀಕ್ಷೆ ಮಾಡಿ. ಬಾಕ್ಸ್ ಮತ್ತು ರೌಟರ್ ಎರಡನ್ನೂ ಶೋಕೇಸಿನಿಂದ ಹೊರಗೆ ತೆಗೆದು, ಬೇರೆ ಬೇರೆಯಾಗಿ ಎರಡು ದಿನ ಸ್ಟೂಲಿನ ಮೇಲೆ ಇಡಿ. ಆಗಲೂ ನಿಲ್ಲುತ್ತಿದ್ದರೆ ತೊಂದರೆ ಬೇರೆ ಕಡೆ ಇದೆ, ಸುಮ್ನೆ ಫ್ಯಾನಿಗೆ ಖರ್ಚು ಮಾಡಬೇಡಿ. ನಿಲ್ಲದಿದ್ದರೆ ಬಿಸಿಯೇ ಕಾರಣ.

ಒಂದರ ಮೇಲೊಂದು ಪೇರಿಸಬೇಡಿ. ಹೊದಿಕೆ ತೆಗೆಯಿರಿ. ಬಾಕ್ಸಿನ ನಾಲ್ಕು ಮೂಲೆಗೆ ಒಂದೊಂದು ಸಣ್ಣ ಮರದ ತುಂಡು ಕೊಟ್ಟರೆ ಅಡಿಯಿಂದಲೂ ಗಾಳಿ ಆಡುತ್ತದೆ. ಇನ್ನೊಂದು ವಿಷಯ. ರಿಮೋಟಿನಲ್ಲಿ ಆರಿಸಿದರೂ ಬಹಳಷ್ಟು ಸೆಟ್‌ಟಾಪ್ ಬಾಕ್ಸ್‌ಗಳು ಒಳಗೊಳಗೆ ಕೆಲಸ ಮಾಡುತ್ತಲೇ ಇರುತ್ತವೆ, ಬಿಸಿಯಾಗುತ್ತಲೇ ಇರುತ್ತವೆ. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿ.

ಎಷ್ಟೋ ಮನೆಗಳಿಗೆ ಇಷ್ಟೇ ಸಾಕು. ಶೋಕೇಸ್ ಬಿಟ್ಟರೆ ಇಡಲು ಬೇರೆ ಜಾಗವೇ ಇಲ್ಲ ಅನ್ನುವವರು ಮುಂದೆ ಓದಿ.

ಗಾಳಿ ಬೀಸುವುದಲ್ಲ, ಬಿಸಿ ಹೊರಗೆ ಹಾಕುವುದು

ನಾನು ಮೊದಲು ಮಾಡಿದ ತಪ್ಪು ಇದು. ಒಂದು ಪುಟ್ಟ ಯುಎಸ್‌ಬಿ ಫ್ಯಾನ್ ತಂದು ರೌಟರ್ ಎದುರಿಗೆ ಇಟ್ಟು ಬಾಗಿಲು ಮುಚ್ಚಿದೆ. ಒಳಗಿನ ಬಿಸಿ ಗಾಳಿಯೇ ಒಳಗೆ ಗಿರಗಿರ ಸುತ್ತಿತು, ಅಷ್ಟೇ. ಹಳೆ ಮನೆಯ ಅಡುಗೆಮನೆ ನೆನಪು ಮಾಡಿಕೊಳ್ಳಿ. ಒಲೆಯ ಹೊಗೆ ಹೋಗಲು ಮಾಳಿಗೆಯಲ್ಲಿ ಗವಾಕ್ಷಿ ಇರುತ್ತಿತ್ತು, ಅಲ್ವಾ? ಬಿಸಿ ಗಾಳಿ ಮೇಲಕ್ಕೇ ಹೋಗುತ್ತದೆ. ಹಾಗಾಗಿ ಮೇಲೆ ಹೊರಹೋಗುವ ದಾರಿ ಬೇಕು, ಕೆಳಗೆ ಹೊಸ ಗಾಳಿ ಬರುವ ದಾರಿ ಬೇಕು. ಫ್ಯಾನಿನ ಕೆಲಸ ಈ ಓಡಾಟವನ್ನು ಚುರುಕು ಮಾಡುವುದು.

ದೊಡ್ಡ ಫ್ಯಾನ್ ಏನೂ ಬೇಡ. ಬಾಕ್ಸ್, ರೌಟರ್, ಅಡಾಪ್ಟರ್ ಎಲ್ಲ ಸೇರಿ 20 ವ್ಯಾಟ್ ಬಿಸಿ ಅಂದುಕೊಳ್ಳಿ. ಒಳಗಿನ ಗಾಳಿ ಕೋಣೆಗಿಂತ 5 ಡಿಗ್ರಿಗಿಂತ ಜಾಸ್ತಿ ಆಗಬಾರದು ಅಂದರೆ ನಿಮಿಷಕ್ಕೆ ಸುಮಾರು 200 ಲೀಟರ್ ಗಾಳಿ ಬದಲಾಗಬೇಕು. ಕಂಪ್ಯೂಟರ್ ಡಬ್ಬದಲ್ಲಿ ಬರುವ 120 ಮಿ.ಮೀ. ಫ್ಯಾನ್ ನಿಧಾನಕ್ಕೆ ತಿರುಗಿದರೂ ಇದಕ್ಕಿಂತ ಜಾಸ್ತಿ ಗಾಳಿ ತಳ್ಳುತ್ತದೆ. ಅಂಗೈಗಿಂತ ಸಣ್ಣ ಫ್ಯಾನ್ ತಂದರೆ ಅಷ್ಟೇ ಗಾಳಿಗೆ ಜೋರಾಗಿ ತಿರುಗಬೇಕು, ಸದ್ದೂ ಜಾಸ್ತಿ. ಹಾಲ್‌ನಲ್ಲಿ ಇಡೀ ದಿನ ಕೇಳುವ ಸದ್ದು ಅದು, ಆದ್ದರಿಂದ 120 ಮಿ.ಮೀ. ಫ್ಯಾನನ್ನೇ ತನ್ನಿ. ಬೆಂಗಳೂರಿನವರಿಗೆ ಇಂಥ ಸಾಮಾನಿಗೆ ಎಸ್‌.ಪಿ. ರೋಡ್ ಇದ್ದೇ ಇದೆ. ಬೇರೆ ಊರುಗಳಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹಳೆಯದೂ ಸಿಗುತ್ತದೆ.

ಕರೆಂಟಿಗೆ ಮನೆಯಲ್ಲಿ ಬಿದ್ದಿರುವ ಹಳೆ ಅಡಾಪ್ಟರ್ ಸಾಕು. ಫ್ಯಾನಿನ ಚೀಟಿಯಲ್ಲಿ 12 ವೋಲ್ಟ್, 0.15 ಆಂಪಿಯರ್ ಎಂದೇನೋ ಬರೆದಿರುತ್ತದೆ. ಅಡಾಪ್ಟರಿನ ಔಟ್‌ಪುಟ್ 12 ವೋಲ್ಟ್ ಡಿಸಿ ಇರಬೇಕು, ಆಂಪಿಯರ್ ಫ್ಯಾನಿಗಿಂತ ಜಾಸ್ತಿ ಇರಬೇಕು. 9 ವೋಲ್ಟಿನದಾದರೆ ಇನ್ನೂ ಒಳ್ಳೆಯದು, ಫ್ಯಾನ್ ಮೆಲ್ಲಗೆ, ಸದ್ದಿಲ್ಲದೆ ತಿರುಗುತ್ತದೆ. 12ಕ್ಕಿಂತ ಮೇಲೆ ಮಾತ್ರ ಬೇಡ. ಇಂಥ ಫ್ಯಾನ್ ತಿಂಗಳಿಡೀ ಹಗಲು ರಾತ್ರಿ ಓಡಿದರೂ ಒಂದೂವರೆ ಯೂನಿಟ್ ದಾಟುವುದಿಲ್ಲ. 230 ವೋಲ್ಟಿನಲ್ಲಿ ನೇರವಾಗಿ ಓಡುವ ಫ್ಯಾನ್ ಕೂಡ ಅಂಗಡಿಯಲ್ಲಿರುತ್ತದೆ. ಅದನ್ನು ಎಲೆಕ್ಟ್ರಿಷಿಯನ್ ಇಲ್ಲದೆ ಮುಟ್ಟಬೇಡಿ.

ಕೂರಿಸುವುದು ಹೀಗೆ

ಮೊದಲು ಎಲ್ಲ ಪ್ಲಗ್ ಕಿತ್ತು, ಸಾಮಾನು ಹೊರಗಿಡಿ. ಶೋಕೇಸನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಗೋಡೆಗೆ ಒತ್ತಿಕೊಂಡಿದ್ದರೆ ಎಷ್ಟು ಒಳ್ಳೆಯ ಫ್ಯಾನ್ ಹಾಕಿದರೂ ಗಾಳಿಗೆ ಹೋಗಲು ಜಾಗ ಇರುವುದಿಲ್ಲ.

ಹಿಂಬದಿಯ ಹಲಗೆಯಲ್ಲಿ, ಮೇಲಿನ ಒಂದು ಮೂಲೆಗೆ ಫ್ಯಾನ್ ಇಟ್ಟು ಪೆನ್ಸಿಲ್‌ನಲ್ಲಿ ಗುಂಡಗೆ ಗೆರೆ ಎಳೆಯಿರಿ, ನಾಲ್ಕು ಸ್ಕ್ರೂ ತೂತುಗಳನ್ನೂ ಗುರುತು ಮಾಡಿ. ಸುಮಾರು 11 ಸೆಂ.ಮೀ. ಅಗಲದ ತೂತು ಬೇಕಾಗುತ್ತದೆ. ಬಡಗಿಯನ್ನು ಕರೆದರೆ ಹತ್ತು ನಿಮಿಷದ ಕೆಲಸ. ಅವರಿದ್ದಾಗಲೇ ಎದುರು ಮೂಲೆಯ ಕಡೆ, ತಳದಲ್ಲಿ 50 ಸೆಂ.ಮೀ. ಉದ್ದ, 2 ಸೆಂ.ಮೀ. ಎತ್ತರದ ಒಂದು ಸೀಳು ಕೊರೆಸಿ. ಈ ಸೀಳಿನ ಜಾಗ ಫ್ಯಾನಿನ ಬಾಯಿಯಷ್ಟೇ ಆಗುತ್ತದೆ. ಇದನ್ನು ಫ್ಯಾನಿನ ಪಕ್ಕದಲ್ಲೇ ಕೊರೆದರೆ ಬಂದ ಗಾಳಿ ಹಾಗೇ ಹೊರಟುಹೋಗುತ್ತದೆ, ರೌಟರನ್ನು ಸವರುವುದೇ ಇಲ್ಲ.

ಸೀಳಿಗೆ ಒಳಗಡೆಯಿಂದ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಹೊಡೆಯಿರಿ. ಬೆಚ್ಚಗಿನ ಜಾಗ ಅಂದರೆ ಹಲ್ಲಿ, ಜಿರಳೆ, ಇರುವೆಗೆ ಬಹಳ ಇಷ್ಟ. ಸತ್ತುಹೋದ ನಮ್ಮ ರೌಟರ್ ಬಿಚ್ಚಿದಾಗ ಒಳಗೆ ಇರುವೆ ಮೊಟ್ಟೆಯ ಬಿಳಿ ಸಾಲೇ ಇತ್ತು.

ಫ್ಯಾನಿನ ಮುಖ ಗಮನಿಸಿ. ನಡುವಿನ ಮೋಟಾರನ್ನು ಹಿಡಿದಿರುವ ಕಡ್ಡಿಗಳು ಯಾವ ಕಡೆ ಇವೆಯೋ ಆ ಕಡೆಗೆ ಗಾಳಿ ಹೊರಬರುತ್ತದೆ. ಆ ಕಡೆ ಗೋಡೆಗೆ ಮುಖ ಮಾಡಿರಲಿ. ಫ್ಯಾನ್ ಮತ್ತು ಹಲಗೆಯ ನಡುವೆ, ಸ್ಕ್ರೂ ಹಾಯುವ ಕಡೆ ರಬ್ಬರ್ ವಾಷರ್ ಕೊಡಿ. ಇಲ್ಲದಿದ್ದರೆ ಇಡೀ ಹಲಗೆ ತಬಲಾದ ಹಾಗೆ ಗುಂಯ್‌ಗುಡುತ್ತದೆ.

ಫ್ಯಾನಿನ ಕೆಂಪು ತಂತಿ ಪ್ಲಸ್, ಕಪ್ಪು ಮೈನಸ್. ಇವೆರಡರ ಜೊತೆ ಹಳದಿಯೂ ಇದ್ದರೆ ಅದನ್ನು ಬಿಟ್ಟು, ತುದಿಗೆ ಟೇಪ್ ಸುತ್ತಿ. ಅಡಾಪ್ಟರಿನ ತುದಿಯ ಪಿನ್ ಕತ್ತರಿಸಿದರೆ ಎರಡು ತಂತಿ ಸಿಗುತ್ತವೆ, ಅವುಗಳಲ್ಲಿ ಪ್ಲಸ್ ಯಾವುದು ಅಂತ ಮಲ್ಟಿಮೀಟರ್ ಇಟ್ಟು ನೋಡಿ. ಬಣ್ಣ ನಂಬಬೇಡಿ. ಉಲ್ಟಾ ಕೊಟ್ಟರೆ ಫ್ಯಾನ್ ತಿರುಗುವುದಿಲ್ಲ, ಕೆಟ್ಟುಹೋಗಲೂಬಹುದು. ನೋಡಿಕೊಂಡ ಮೇಲೆ ಪ್ಲಗ್ ಕಿತ್ತು, ತಂತಿ ಜೋಡಿಸಿ, ಒಂದೊಂದು ಜಾಯಿಂಟಿಗೂ ಬೇರೆ ಬೇರೆ ಇನ್ಸುಲೇಷನ್ ಟೇಪ್ ಸುತ್ತಿ. ಈ ಅಡಾಪ್ಟರನ್ನು ಬಾಕ್ಸ್ ಇರುವ ಸ್ಪೈಕ್ ಬಸ್ಟರಿಗೇ ಹಾಕಿದರೆ ಎಲ್ಲವೂ ಒಟ್ಟಿಗೆ ಶುರುವಾಗಿ ಒಟ್ಟಿಗೆ ಆರುತ್ತವೆ.

ಊದುಬತ್ತಿ ಪರೀಕ್ಷೆ

ಸಾಮಾನು ವಾಪಸ್ ಇಟ್ಟು, ಬಾಗಿಲು ಮುಚ್ಚಿ, ಫ್ಯಾನ್ ಹಾಕಿ. ಒಂದು ಊದುಬತ್ತಿ ಹಚ್ಚಿ ಕೆಳಗಿನ ಸೀಳಿನ ಹತ್ತಿರ ಹಿಡಿಯಿರಿ. ಕಿಡಿ ಹಲಗೆಗೂ ಜಾಲರಿಗೂ ತಾಗದಷ್ಟು ದೂರ ಇರಲಿ. ಹೊಗೆ ನೆಟ್ಟಗೆ ಮೇಲೇಳುವುದು ಬಿಟ್ಟು, ದಾರದ ಹಾಗೆ ಬಾಗಿ ಸೀಳಿನೊಳಗೆ ನುಗ್ಗಬೇಕು. ಸ್ವಲ್ಪ ಹೊತ್ತಿಗೆ ಮೇಲೆ ಫ್ಯಾನಿನ ಹಿಂದೆ ಊದುಬತ್ತಿಯ ವಾಸನೆ ಬರಬೇಕು. ಹೊಗೆ ಒಳಗೆ ಹೋಗದೆ ಹೊರಕ್ಕೇ ತಳ್ಳಿಸಿಕೊಂಡರೆ ಫ್ಯಾನ್ ತಿರುಗುಮುರುಗಾಗಿ ಕೂತಿದೆ.

ನಮ್ಮ ಶೋಕೇಸಿನಲ್ಲಿ ಅವತ್ತು ಮಧ್ಯಾಹ್ನ ಕೋಣೆ 38 ಇದ್ದಾಗ ಒಳಗೆ 41 ತೋರಿಸಿತು. ಅಪ್ಪ ಎರಡು ಗಂಟೆಯ ಟಿವಿಯನ್ನು ಮೂರೂವರೆವರೆಗೆ ಎದ್ದೇಳದೆ ನೋಡಿದರು.

ಒಂದು ಮಾತು ನೆನಪಿರಲಿ. ಫ್ಯಾನ್ ಏಸಿ ಅಲ್ಲ. ಕೋಣೆಯೇ 42 ಡಿಗ್ರಿ ಇದ್ದರೆ ಶೋಕೇಸ್ ಅದಕ್ಕಿಂತ ತಂಪಾಗುವುದಿಲ್ಲ. ರಾಯಚೂರು, ಕಲಬುರಗಿ ಕಡೆಯವರು ರೌಟರನ್ನು ಪಡುವಣ ಬಿಸಿಲು ಬೀಳುವ ಗೋಡೆಗೆ ಇಡಲೇಬೇಡಿ.

ಧೂಳಿನ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಜಾಲರಿಯನ್ನು ಹಳೆ ಬ್ರಷ್‌ನಿಂದ ಉಜ್ಜಿ. ರೆಕ್ಕೆ ಒರೆಸುವಾಗ ಪ್ಲಗ್ ಕಿತ್ತು, ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಬ್ಲೋಯರ್ ಹಿಡಿದು ಸುಮ್ನೆ ಗಿರ್ರೆಂದು ತಿರುಗಿಸಿದರೆ ಬೇರಿಂಗ್ ಹಾಳಾಗುತ್ತದೆ. ಫ್ಯಾನ್ ಕರಕರ ಅನ್ನತೊಡಗಿತೋ, ಬದಲಿಸುವ ಹೊತ್ತು ಬಂತು ಅಂತ ತಿಳಿಯಿರಿ. ಬೇರೆ 120 ಮಿ.ಮೀ. ಫ್ಯಾನ್ ತಂದರೆ ಅದೇ ನಾಲ್ಕು ತೂತಿಗೆ ಸರಿಯಾಗಿ ಕೂರುತ್ತದೆ.