ಎಸ್‌ಎಂಪಿಎಸ್ ಸದ್ದು ಇಳಿಸಬೇಕಾ? ಮೊದಲು ಬಿಸಿ ಇಳಿಸಿ

ಸೋಮವಾರಪೇಟೆಯಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ. ತೋಟದ ಆಫೀಸಿನ ಕಂಪ್ಯೂಟರು, ಹೋಂಸ್ಟೇ ಕಂಪ್ಯೂಟರು ಜಾಸ್ತಿ ಬರುತ್ತವೆ. ಎಸ್‌ಎಂಪಿಎಸ್ ಅಂದರೆ ಮೇನ್ಸ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಡಿಸಿ ಮಾಡಿಕೊಡುವ ಡಬ್ಬ, ಅದಕ್ಕೇ ಒಂದು ಫ್ಯಾನ್ ಇರುತ್ತದೆ. ಅದರ ದೂರು ಮಾತ್ರ ಹೆಚ್ಚುಕಮ್ಮಿ ಒಂದೇ: "ಅಣ್ಣಾ, ಹಗಲಲ್ಲಿ ಗೊತ್ತಾಗಲ್ಲ. ರಾತ್ರಿ ಲೆಕ್ಕ ಬರೆಯೋಕೆ ಕೂತ್ರೆ ಭರ್ ಅಂತ ತಲೆ ತಿನ್ನುತ್ತೆ. ಫ್ಯಾನ್ ಸ್ವಲ್ಪ ನಿಧಾನ ಮಾಡಿಕೊಡಿ."

ನಿಧಾನ ಮಾಡುವುದು ಸುಲಭ. ಆದರೆ ನಾನು ಮಾಡಿಕೊಡುವುದಿಲ್ಲ. ಫ್ಯಾನ್ ಸುಮ್ನೆ ಜೋರಾಗಿ ತಿರುಗುವುದಿಲ್ಲ, ಅಲ್ವಾ? ಸುಮಾರಾದ ಎಸ್‌ಎಂಪಿಎಸ್ ಆದರೆ ಒಳಗೆ ಬಿಸಿ ಗುರುತಿಸುವ ಒಂದು ಪುಟ್ಟ ಭಾಗ, ಥರ್ಮಿಸ್ಟರ್, ಇರುತ್ತದೆ. ಬಿಸಿ ಏರಿದ ಹಾಗೆ ಫ್ಯಾನಿಗೆ ಹೋಗುವ ವೋಲ್ಟೇಜ್ ಏರುತ್ತದೆ. ಬಿಸಿ ಇಳಿದರೆ ಸದ್ದೂ ಇಳಿಯುತ್ತದೆ. ತೀರಾ ಅಗ್ಗದವುಗಳಲ್ಲಿ ಈ ಏರ್ಪಾಡೇ ಇರುವುದಿಲ್ಲ. ಫ್ಯಾನ್ ಸದಾ 12 ವೋಲ್ಟಿನಲ್ಲೇ ಓಡುತ್ತದೆ. ಅಂಥದ್ದಕ್ಕೆ ಕೈ ಹಾಕುವ ಬದಲು ಒಳ್ಳೆಯದೊಂದು ತಗೊಳ್ಳಿ ಅಂತಲೇ ಹೇಳುತ್ತೇನೆ. ಲೆಕ್ಕ ನೋಡಿ: ಕಂಪ್ಯೂಟರಿಗೆ 200 ವಾಟ್ ಬೇಕು ಅಂದುಕೊಳ್ಳಿ. ಶೇಕಡಾ 80ರ ದಕ್ಷತೆಯ ಎಸ್‌ಎಂಪಿಎಸ್ ಗೋಡೆಯಿಂದ 250 ವಾಟ್ ಎಳೆಯುತ್ತದೆ, 50 ವಾಟ್ ಡಬ್ಬದೊಳಗೇ ಬಿಸಿಯಾಗಿ ಉಳಿಯುತ್ತದೆ. ಶೇಕಡಾ 90 ಇದ್ದರೆ ಆ ಬಿಸಿ ಬರೀ 22 ವಾಟ್. ಅರ್ಧಕ್ಕಿಂತ ಕಡಿಮೆ! ಯಾವ ಫ್ಯಾನ್ ಬದಲಾಯಿಸಿದರೂ ಇಷ್ಟು ಲಾಭ ಸಿಗುವುದಿಲ್ಲ.

ಸದ್ದು ಎಲ್ಲಿಂದ ಬರುತ್ತಿದೆ ಅಂತ ಮೊದಲು ಪತ್ತೆ ಮಾಡಿ. ಪೇಪರನ್ನು ಕೊಳವೆ ಥರ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕ್ಯಾಬಿನೆಟ್ಟಿನ ಹೊರಗಿನಿಂದಲೇ ಒಂದೊಂದು ಕಡೆಗೆ ಹಿಡಿಯಿರಿ. ಭರ್ ಅಂದರೆ ಗಾಳಿ. ಕಟಕಟ ಅಂದರೆ ಬೇರಿಂಗ್ ಸವೆದಿದೆ, ಇಲ್ಲವೇ ವೈರು ರೆಕ್ಕೆಗೆ ತಾಗುತ್ತಿದೆ. ಸಣ್ಣಗೆ ಕಿಂಯ್ ಅಂದರೆ ಒಳಗಿನ ಕಾಯಿಲ್, ಅದಕ್ಕೂ ಫ್ಯಾನಿಗೂ ಸಂಬಂಧವಿಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಗುಂಯ್ ಅನ್ನುತ್ತಿದ್ದರೆ, ಇನ್ವರ್ಟರಿನದು ಸ್ಕ್ವೇರ್ ವೇವ್ ಇರಬಹುದು, ಅಂದರೆ ಅದು ಕೊಡುವ ಕರೆಂಟಿನ ಅಲೆ ಮೇನ್ಸಿನಂತೆ ನಯವಾಗಿ ಏರಿಳಿಯದೆ ಚೌಕಾಕಾರದಲ್ಲಿರುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ನಮ್ಮ ಕಡೆ ಕರೆಂಟ್ ಗಂಟೆಗಟ್ಟಲೆ ಇರುವುದಿಲ್ಲವಲ್ಲ, ಈ ದೂರು ಆಗ ಜಾಸ್ತಿ. ಅದಕ್ಕೆ ಮೇನ್ಸಿನಂಥ ಅಲೆ ಕೊಡುವ ಸೈನ್ ವೇವ್ ಇನ್ವರ್ಟರೇ ಮದ್ದು.

ಎಸ್‌ಎಂಪಿಎಸ್ ಬಿಚ್ಚದೆ ಆಗುವ ಕೆಲಸವೂ ಇದೆ. ಅದು ಕ್ಯಾಬಿನೆಟ್ಟಿನ ಕೆಳಗಡೆ ಕೂರುವ ಮಾದರಿಯಾದರೆ, ಅಡಿಯಲ್ಲಿ ಜಾಲರಿ ಇದೆಯಾ ನೋಡಿ. ಇದ್ದರೆ ಫ್ಯಾನ್ ಕೆಳಮುಖವಾಗಿ ಇರುವಂತೆ ತಿರುಗಿಸಿ ಕೂರಿಸಿ. ಆಗ ಅದು ಪ್ರೊಸೆಸರಿನ ಬಿಸಿ ಗಾಳಿ ಬಿಟ್ಟು ಕೋಣೆಯ ತಣ್ಣನೆ ಗಾಳಿ ಎಳೆದುಕೊಳ್ಳುತ್ತದೆ. ನಮ್ಮೂರಿನ ತಂಪು ಗಾಳಿಯನ್ನು ಬಿಟ್ಟಿಯಾಗಿ ಬಳಸುವ ದಾರಿ ಇದು. ಆದರೆ ಕ್ಯಾಬಿನೆಟ್ ನೆಲದ ಮೇಲೆ ಬೇಡ. ಮಳೆಗಾಲದಲ್ಲಿ ರೆಡ್ ಆಕ್ಸೈಡ್ ನೆಲ ಬೆವರುವುದು ನೋಡಿದ್ದೀರಲ್ಲ. ಒಂದು ಮಣೆಯ ಮೇಲಾದರೂ ಇಡಿ, ಗೋಡೆಯಿಂದ ಒಂದು ಗೇಣು ಈಚೆಗೆ.

ಇನ್ನು ಬಿಚ್ಚುವ ವಿಷಯ. ವಾರಂಟಿ ಇದ್ದರೆ ಬಿಚ್ಚಬೇಡಿ. ಮೇನ್ಸಿನ 230 ವೋಲ್ಟ್ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವುದರಲ್ಲಿ ಇನ್ನೂ ಜಾಸ್ತಿ. ಅದನ್ನು ದೊಡ್ಡ ಕೆಪಾಸಿಟರ್ ಹಿಡಿದಿಟ್ಟುಕೊಂಡಿರುತ್ತದೆ, ಕರೆಂಟ್ ತೆಗೆದ ಮೇಲೂ. ಸ್ವಿಚ್ ಆಫ್ ಮಾಡಿದರೆ ಸಾಲದು, ಗೋಡೆಯಿಂದ ಪಿನ್ ಕೀಳಬೇಕು. ನಾನು ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ಬಿಚ್ಚುತ್ತೇನೆ. ಬಿಚ್ಚಿದ ಮೇಲೂ ಮೊದಲು ಮಲ್ಟಿಮೀಟರ್ ಡಿಸಿ ವೋಲ್ಟಿಗೆ ಇಟ್ಟು ಒಂದೊಂದು ದೊಡ್ಡ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಅಳೆಯುತ್ತೇನೆ. ಹತ್ತು ವೋಲ್ಟಿಗಿಂತ ಜಾಸ್ತಿ ತೋರಿಸಿದರೆ 2 ಕಿಲೋ ಓಮ್, 10 ವಾಟಿನ ಆಸುಪಾಸಿನ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ವೈರು ಬೆಸೆದು, ಅದರಿಂದ ಖಾಲಿ ಮಾಡಿ, ಮತ್ತೆ ಅಳೆಯುತ್ತೇನೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಶೂರರಿದ್ದಾರೆ, ಅವರ ಮಾತು ಕೇಳಬೇಡಿ. ಈ ಪ್ಯಾರಾ ಓದಿ ಎದೆ ಡವಡವ ಅಂದರೆ ಡಬ್ಬ ಮುಚ್ಚಿ ಗೊತ್ತಿರುವವರಿಗೆ ಕೊಡಿ.

ಒಳಗೆ ಏನಿರುತ್ತದೆ? ಬಯಲುಸೀಮೆಯ ದೂಳು ಊದಿದರೆ ಹಾರುತ್ತದೆ. ನಮ್ಮದು ಹಾಗಲ್ಲ. ಕಾಫಿ ಕಣದ ದೂಳು, ಸೌದೆ ಒಲೆಯ ಹೊಗೆ, ಮೇಲೆ ಮಳೆಗಾಲದ ತೇವ, ಮೂರೂ ಸೇರಿ ಹೀಟ್ ಸಿಂಕಿಗೆ (ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ತುಂಡಿಗೆ) ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ಮೆತ್ತನೆ ಒಣ ಬ್ರಷ್ಷಿನಿಂದ ಕೆದಕಿ, ಆಮೇಲೆ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಜಿರಲೆ, ಇರುವೆ ಗೂಡು, ಹಲ್ಲಿ ಮೊಟ್ಟೆ ಎಲ್ಲ ಸಿಗುತ್ತವೆ, ಗಾಬರಿ ಬೇಡ. ಯಾವುದಾದರೂ ಕೆಪಾಸಿಟರಿನ ತಲೆ ಉಬ್ಬಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಫ್ಯಾನಿನ ಕೇಸ್ ಅಲ್ಲ.

ಎಷ್ಟೋ ಸಲ ಕ್ಲೀನ್ ಮಾಡಿದ ಮೇಲೆ ಸದ್ದು ತಾನಾಗಿ ಸರಿಹೋಗುತ್ತದೆ. ಸ್ಲೀವ್ ಬೇರಿಂಗ್ (ಗುಂಡುಗಳಿಲ್ಲದ ಸಾದಾ ಬೇರಿಂಗ್) ಫ್ಯಾನ್ ಮಾತ್ರ ಆಮೇಲೂ ಕಿರುಗುಟ್ಟುತ್ತಿದ್ದರೆ, ನಡುವಿನ ಸ್ಟಿಕ್ಕರ್ ಎತ್ತಿ, ಅಡಿಯಲ್ಲಿ ರಬ್ಬರ್ ಮುಚ್ಚಳ ಇದ್ದರೆ ತೆಗೆದು, ಒಂದು ತೊಟ್ಟು ಹೊಲಿಗೆ ಮಷೀನಿನ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ. ಡಿಸೆಂಬರ್ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಬೇರಿಂಗಿನಲ್ಲಿ ಏನು ಮಾಡೀತು?

ಫ್ಯಾನನ್ನೇ ಬದಲಾಯಿಸುವುದಾದರೆ ಅದೇ ಅಗಲ, ಅದೇ ದಪ್ಪದ್ದು ತನ್ನಿ. ದೊಡ್ಡವು ಸಾಮಾನ್ಯವಾಗಿ 120 ಮಿಲಿಮೀಟರ್. ಎಣ್ಣೆಯ ಪದರದ ಮೇಲೆ ತಿರುಗುವ ಫ್ಲೂಯಿಡ್ ಬೇರಿಂಗ್ ಆದರೆ ಒಳ್ಳೆಯದು. ಹಳೆಯದು ಎಷ್ಟು ಗಾಳಿ ದೂಡುತ್ತಿತ್ತೋ ಅದಕ್ಕಿಂತ ತೀರಾ ಕಡಿಮೆಯದು ಬೇಡ. ವೇಗ ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುವುದು ನಿಜ, ಆದರೆ ಗಾಳಿಯೂ ಅರ್ಧವಾಗುತ್ತದೆ. ಕೆಪಾಸಿಟರ್ 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಬದುಕಿದರೆ ಅದರ ಆಯಸ್ಸೂ ಹೆಚ್ಚುಕಮ್ಮಿ ಅರ್ಧ. ಗಾಳಿಯ ದಿಕ್ಕು ಹಳೆಯದರಂತೆಯೇ ಇರಲಿ, ಫ್ರೇಮಿನ ಮೇಲೆ ಸಾಮಾನ್ಯವಾಗಿ ಬಾಣದ ಗುರುತು ಇರುತ್ತದೆ. ಹಳೇ ಫ್ಯಾನಿನ ಒಂದು ಮೂಲೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇದ್ದರೆ ಎಸೆಯಬೇಡಿ, ಹೊಸದಕ್ಕೂ ಹಾಕಿ. ಬಿಸಿ ಭಾಗದ ಕಡೆಗೆ ಗಾಳಿ ತಿರುಗಿಸುವುದು ಅದೇ.

ಎರಡು ವೈರಿನ ಕನೆಕ್ಟರ್ ಇದ್ದರೆ ಅದನ್ನೇ ಬಳಸಿ, ಇಲ್ಲವಾದರೆ ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಹೊಸದರಲ್ಲಿ ಮೂರನೇ ವೈರು ವೇಗ ಹೇಳುವುದಕ್ಕೆ, ಅದರ ತುದಿ ಮುಚ್ಚಿ ಬಿಟ್ಟುಬಿಡಿ. ಹಳದಿ (12 ವೋಲ್ಟ್) ಮತ್ತು ಕೆಂಪು (5 ವೋಲ್ಟ್) ವೈರಿನ ನಡುವೆ ಜೋಡಿಸಿ 7 ವೋಲ್ಟಿನಲ್ಲಿ ಓಡಿಸುವ ಹಳೇ ಉಪಾಯ ಕ್ಯಾಬಿನೆಟ್ ಫ್ಯಾನಿಗೆ ಇರಲಿ. ಎಸ್‌ಎಂಪಿಎಸ್ ಫ್ಯಾನಿಗೆ ಹಾಗೆ ಮಾಡಿದರೆ ಒಳಗೆ ಬೆಂಕಿಯಾದರೂ ಅದು ನಿಧಾನವಾಗಿಯೇ ತಿರುಗುತ್ತಿರುತ್ತದೆ.

ಡಬ್ಬ ಪೂರ್ತಿ ಮುಚ್ಚಿ, ಸ್ಕ್ರೂ ಬಿಗಿದ ಮೇಲೇ ಕರೆಂಟ್. ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸೇರಿಸಿ, ಆಮೇಲೆ ಸ್ವಿಚ್ ಹಾಕಿದರೆ ಎಸ್‌ಎಂಪಿಎಸ್ ಆನ್ ಆಗುತ್ತದೆ. ಈ ಪರೀಕ್ಷೆ ಬೆಳಗಿನ ಚಳಿಯಲ್ಲಿ ಮಾಡಿ. ತಣ್ಣಗಿದ್ದಾಗಲೇ ಫ್ಯಾನಿಗೆ ಅತಿ ಕಡಿಮೆ ವೋಲ್ಟೇಜ್ ಸಿಗುವುದು. ಕೆಲವು ಫ್ಯಾನು ಅಷ್ಟಕ್ಕೆ ತಿರುಗಲು ಶುರುವೇ ಮಾಡುವುದಿಲ್ಲ. ಹಾಗೆ ನಿಂತರೆ ಆ ಫ್ಯಾನ್ ಇದಕ್ಕೆ ಆಗಿಬರುವುದಿಲ್ಲ, ಬೇರೆ ತನ್ನಿ. ಬಿಸಿಯಾಗುವ ತನಕ ಫ್ಯಾನ್ ನಿಲ್ಲಿಸುವಂತೆಯೇ ಮಾಡಿರುವ ಮಾದರಿಗೆ ಈ ಮಾತು ಸಲ್ಲುವುದಿಲ್ಲ.

ಕೊನೆಗೆ ಕಂಪ್ಯೂಟರಿಗೆ ಜೋಡಿಸಿ ಅರ್ಧ ಗಂಟೆ ಭಾರದ ಕೆಲಸ ಕೊಡಿ. ಹಿಂದಿನಿಂದ ಬರುವ ಗಾಳಿಯ ಬಿಸಿಯನ್ನು ಥರ್ಮಾಮೀಟರಿನಲ್ಲಿ ನೋಡಿ. ಫ್ಯಾನ್ ಬದಲಾಯಿಸುವ ಮೊದಲೂ ಇದನ್ನೇ ಮಾಡಿ ಬರೆದಿಟ್ಟಿರಬೇಕು. ಐದು ಡಿಗ್ರಿಗಿಂತ ಜಾಸ್ತಿ ಏರಿದ್ದರೆ ನಾನಂತೂ ಹಳೇ ಫ್ಯಾನನ್ನೇ ವಾಪಸ್ ಹಾಕುತ್ತೇನೆ.